ಶಿವಮೊಗ್ಗದ ಒಳಗೇರಿಗಳನ್ನು ಕಾಲ್ನಡಿಗೆಯಲ್ಲಿ ನೋಡುವುದು ಹೇಗೆ

ಶಿವಮೊಗ್ಗಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಶಿವಮೊಗ್ಗದಲ್ಲಿ ನಿಲ್ಲುವುದಿಲ್ಲ. ರೈಲಿನಿಂದ ಇಳಿದವರು ಜೋಗಕ್ಕೋ ಆಗುಂಬೆಗೋ ಹೋಗುವ ಬಸ್ಸು ಹಿಡಿಯುತ್ತಾರೆ; ಕಾರಿನಲ್ಲಿ ಬಂದವರು ತ್ಯಾವರೆಕೊಪ್ಪದ ಹುಲಿ-ಸಿಂಹಧಾಮವನ್ನೋ ಸಕ್ರೆಬೈಲಿನ ಆನೆ ಬಿಡಾರವನ್ನೋ ನೋಡಿ ಮುಂದೆ ಸಾಗುತ್ತಾರೆ. ಊರಿನವರ ಕಥೆಯೂ ಬಹಳ ಬೇರೆಯಲ್ಲ. 2011ರ ಜನಗಣತಿಯ ಹೊತ್ತಿಗೇ ಜನಸಂಖ್ಯೆ 3 ಲಕ್ಷವನ್ನು ದಾಟಿದ್ದ ಈ ನಗರದಲ್ಲಿ ಹುಟ್ಟಿ ಬೆಳೆದವರಿಗೂ ಮನೆಯಿಂದ ಕಚೇರಿಗೆ, ಕಚೇರಿಯಿಂದ ಗೋಪಿ ವೃತ್ತಕ್ಕೆ, ಅಲ್ಲಿಂದ ಮತ್ತೆ ಮನೆಗೆ ಬೈಕ್ ಓಡಿಸುವ ದಾರಿಯ ಹೊರತಾಗಿ ಬೇರೆ ಬೀದಿಗಳ ಪರಿಚಯ ಕಡಿಮೆ. ನದಿ, ಹಳೆಯ ಕೋಟೆ, ಪೇಟೆ, ಕೇರಿಗಳು ಎಲ್ಲವೂ ಒಂದೆರಡು ಕಿಲೋಮೀಟರ್ ಅಂತರದೊಳಗೇ ಕೂಡಿಕೊಂಡಿರುವುದರಿಂದ ನಡೆದು ನೋಡುವವರಿಗೆ ಇಷ್ಟು ಅನುಕೂಲವಾದ ಊರು ಮಲೆನಾಡಿನಲ್ಲಿ ಇನ್ನೊಂದು ಇರಲಾರದು ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಪಾಲಿಸಬೇಕಾದ ನಿಯಮವೆಂದರೆ ಒಂದು ನಡಿಗೆಗೆ ಒಂದೇ ಎಳೆಯನ್ನು ಹಿಡಿಯುವುದು. ನದಿಯ ದಂಡೆ ಎಂದು ಹೊರಟರೆ ನದಿಯ ದಂಡೆ, ಪೇಟೆ ಎಂದರೆ ಪೇಟೆ. ಇಡೀ ನಗರವನ್ನು ಒಂದೇ ಬೆಳಿಗ್ಗೆ ಮುಗಿಸುವ ಹಟಕ್ಕೆ ಬಿದ್ದವರು ಕೊನೆಗೆ ನೋಡುವುದು ಮುಖ್ಯರಸ್ತೆಗಳನ್ನು ಮಾತ್ರ, ಏಕೆಂದರೆ ಅವಸರದಲ್ಲಿರುವ ಕಾಲುಗಳು ತಾವಾಗಿಯೇ ಅಗಲವಾದ ರಸ್ತೆಯನ್ನು ಆರಿಸಿಕೊಳ್ಳುತ್ತವೆ. ಎರಡು ಅಥವಾ ಮೂರು ಕಿಲೋಮೀಟರಿಗೆ ಎರಡೂವರೆ ಗಂಟೆಯನ್ನು ಮೀಸಲಿಡಿ. ಹೋಗುವಾಗ ಬೀದಿಯ ಮುಂಭಾಗದಿಂದ ಹೋದರೆ ಬರುವಾಗ ಅದೇ ಸಾಲಿನ ಹಿಂಭಾಗದಿಂದ ಬನ್ನಿ. ಸಾಧ್ಯವಾದರೆ ಅದೇ ಕೇರಿಗೆ ಒಮ್ಮೆ ಬೆಳಿಗ್ಗೆ, ಇನ್ನೊಮ್ಮೆ ಸಂಜೆ ಹೋಗಿ. ಹೊಸ ಜಾಗವೊಂದನ್ನು ನೋಡುವುದಕ್ಕಿಂತ ಇದರಿಂದ ಸಿಗುವುದು ಹೆಚ್ಚು.

ಎಲ್ಲಿಗೆ ಹೋಗಬೇಕೆಂದು ನಿರ್ಧರಿಸಲು ಮೊಬೈಲ್ ನಕ್ಷೆಯೊಂದನ್ನೇ ನಂಬುವುದು ಸಾಲದು. ನಕ್ಷೆಯಲ್ಲಿ ರಸ್ತೆಗಳು ಕಾಣುತ್ತವೆ, ಆದರೆ ಜನ ಬಳಸುವ ಕೇರಿಯ ಹೆಸರುಗಳು ಎಷ್ಟೋ ಬಾರಿ ಕಾಣುವುದಿಲ್ಲ. ಇದಕ್ಕೆ ನಾನು ಶಿಫಾರಸು ಮಾಡುವ ಆಕರ ಸ್ವಲ್ಪ ವಿಚಿತ್ರವೆನಿಸಬಹುದು: ಸ್ಥಳೀಯ ಪತ್ರಿಕೆಗಳಲ್ಲಿ ಬರುವ ಮೆಸ್ಕಾಂನ ವಿದ್ಯುತ್ ವ್ಯತ್ಯಯದ ಪ್ರಕಟಣೆ. ಕೆಲಸ ನಡೆಯುವ ಮಾರ್ಗಕ್ಕೆ ಸೇರಿದ ಬೀದಿಗಳನ್ನೆಲ್ಲ ಅದರಲ್ಲಿ ಒಟ್ಟಿಗೆ ಕೊಟ್ಟಿರುತ್ತಾರೆ. ಗಾಂಧಿ ಬಜಾರ್, ಕೋಟೆ ರಸ್ತೆ, ರಾಮಣ್ಣ ಶ್ರೇಷ್ಠಿ ಪಾರ್ಕ್, ಲಷ್ಕರ್ ಮೊಹಲ್ಲಾ, ಉಪ್ಪಾರಕೇರಿ, ಕುಂಬಾರಗುಂಡಿ, ರವಿವರ್ಮ ಬೀದಿ, ಇಮಾಂಬಾಡ ಎಂದು ಓದುತ್ತ ಹೋದಂತೆ ಯಾವ ಕಸುಬಿನವರು, ಯಾವ ಸಮುದಾಯದವರು ಎಲ್ಲಿ ನೆಲೆಸಿದ್ದರೆಂಬುದರ ಸೂಚನೆಯೂ ದೊರೆಯುತ್ತದೆ. ಒಂದೇ ಪ್ರಕಟಣೆಯಲ್ಲಿರುವ ಹೆಸರುಗಳು ಸಾಮಾನ್ಯವಾಗಿ ಒಂದಕ್ಕೊಂದು ಹತ್ತಿರವೇ ಇರುವುದರಿಂದ ಅದನ್ನು ಕತ್ತರಿಸಿಟ್ಟುಕೊಂಡರೆ ನಡಿಗೆಯ ಪಟ್ಟಿಯೊಂದು ಸಿದ್ಧವಾದಂತೆಯೇ. ವಿದ್ಯುತ್ ಇರದ ದಿನವೇ ಅಲ್ಲಿಗೆ ಹೋದರೆ ಜನ ಜಗಲಿಯ ಮೇಲೆ ಕುಳಿತಿರುತ್ತಾರೆಂಬ ಲಾಭವೂ ಉಂಟು.

ದಾರಿ ಕೇಳುವಾಗ ಫಲಕದ ಮೇಲಿನ ಹೆಸರನ್ನು ಹೇಳಿದರೆ ಉತ್ತರ ತಡವಾಗಬಹುದು. ಟಿ. ಸೀನಪ್ಪ ಶೆಟ್ಟಿ ವೃತ್ತ ಎಲ್ಲಿ ಎಂದರೆ ಆಟೊ ಚಾಲಕನೂ ಅರೆಗಳಿಗೆ ಯೋಚಿಸುತ್ತಾನೆ. ಗೋಪಿ ವೃತ್ತ ಎಂದರೆ ಕೈ ತೋರಿಸುತ್ತಾನೆ. ಚಿತ್ರಮಂದಿರ, ಹೊಳೆ ಬಸ್ ನಿಲ್ದಾಣ, ಚಾನಲ್ (ತುಂಗಾ ನಾಲೆ) ಎಂಬ ಗುರುತುಗಳನ್ನೇ ಹೇಳಿ ಕೇಳುವುದು ಉತ್ತಮ.

ಕಾಲದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಯಾವ ಹೊತ್ತಾದರೂ ಸರಿ. ಮಾರ್ಚ್ ಕಳೆದ ಮೇಲೆ ಬೆಳಿಗ್ಗೆ ಒಂಬತ್ತೂವರೆಯೊಳಗೆ ಮುಗಿಸಿ, ಇಲ್ಲವೇ ಸಂಜೆ ನಾಲ್ಕೂವರೆಯ ನಂತರ ಹೊರಡಿ; ಮಲೆನಾಡು ಎಂಬ ಹೆಸರನ್ನು ನಂಬಿ ಏಪ್ರಿಲ್ ಮಧ್ಯಾಹ್ನದಲ್ಲಿ ಇಲ್ಲಿ ನಡೆಯಲು ಹೊರಡುವವರಿಗೆ ಶಿವಮೊಗ್ಗವು ಬಯಲುಸೀಮೆಯ ಅಂಚಿನಲ್ಲಿದೆ ಎಂಬುದು ಬೇಗನೆ ಮನವರಿಕೆಯಾಗುತ್ತದೆ. ಮಳೆಗಾಲವನ್ನು ಬಿಡಬೇಡಿ, ಏಕೆಂದರೆ ಈ ನಗರವನ್ನು ಅರ್ಥ ಮಾಡಿಕೊಳ್ಳಬೇಕಾದರೆ ತುಂಬಿದ ತುಂಗೆಯನ್ನು ಒಮ್ಮೆ ನೋಡಲೇಬೇಕು. ಕೊಡೆ ಎಲ್ಲ ಕಾಲಕ್ಕೂ ಇರಲಿ: ಮಳೆಗೆ, ಬಿಸಿಲಿಗೆ, ಬೀದಿನಾಯಿಗಳಿಗೆ.

ಮೊದಲ ನಡಿಗೆಯನ್ನು ಹೊಳೆ ಬಸ್ ನಿಲ್ದಾಣದಿಂದ ಆರಂಭಿಸುವಂತೆ ಸಲಹೆ ಕೊಡುತ್ತೇನೆ. ವಿದ್ಯಾನಗರಕ್ಕೂ ಪೇಟೆಗೂ ನಡುವೆ ತುಂಗೆಯನ್ನು ದಾಟುವ ಹಳೆಯ ಸೇತುವೆಯ ಬಳಿಯೇ ಇರುವ ಈ ನಿಲ್ದಾಣದಲ್ಲಿ ಇಳಿದು, ಬೆಕ್ಕಿನ ಕಲ್ಮಠದ ಆಸುಪಾಸನ್ನು ನೋಡಿಕೊಂಡು, ಕೋರ್ಪಲಯ್ಯನ ಛತ್ರದ ಕಡೆಗೆ ನದಿಯ ದಂಡೆಗೆ ಇಳಿಯಬೇಕು. ಅಲ್ಲಿ ಹೊಳೆಯೊಳಗೆ ಒಂದು ಕಲ್ಲಿನ ಮಂಟಪವಿದೆ. ಬೇಸಿಗೆಯಲ್ಲಿ ಅದು ಬಂಡೆಗಳ ನಡುವೆ ಪೂರ್ತಿಯಾಗಿ ಎದ್ದು ನಿಂತಿರುತ್ತದೆ, ಅದರ ಸುತ್ತ ಬಟ್ಟೆ ಒಗೆಯುವವರೂ ಈಜುವ ಹುಡುಗರೂ ಇರುತ್ತಾರೆ. ಜೂನ್ ಕಳೆದು ತೀರ್ಥಹಳ್ಳಿ, ಶೃಂಗೇರಿಗಳ ಕಡೆ ಮಳೆ ಹಿಡಿದು, ಗಾಜನೂರಿನ ಅಣೆಕಟ್ಟೆಯಿಂದ ನೀರು ಬಿಟ್ಟಂತೆಲ್ಲ ಮೊದಲು ಅದರ ಬುಡ, ಆಮೇಲೆ ಕಂಬಗಳು, ಕೊನೆಗೆ ಚಾವಣಿ ಹೀಗೆ ಒಂದೊಂದಾಗಿ ಮರೆಯಾಗುತ್ತವೆ. ಮಂಟಪ ಮುಳುಗಿತೆಂದರೆ ಹೊಳೆ ತುಂಬಿತು ಎಂದೇ ಊರಿನ ಲೆಕ್ಕ. ಜಲಾಶಯದ ಒಳಹರಿವು ಎಷ್ಟು ಕ್ಯುಸೆಕ್ ಎಂಬುದು ಪತ್ರಿಕೆಯಲ್ಲಿ ಅಚ್ಚಾಗಿದ್ದರೂ, ಮಂಟಪ ಮುಳುಗಿತೇ ಎಂದು ಕೇಳಿಕೊಂಡು, ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನೋಡಲು ಬರುವವರ ಸಂಖ್ಯೆ ಇಂದಿಗೂ ಕಡಿಮೆಯಾಗಿಲ್ಲ. ಆ ದಿನಗಳಲ್ಲಿ ಬಾಗಿನ ಅರ್ಪಿಸುವವರೂ ಬರುತ್ತಾರೆ. ಒಂದು ಎಚ್ಚರಿಕೆ: ನೀರು ಏರುತ್ತಿರುವಾಗ ಮೆಟ್ಟಿಲುಗಳಿಗೆ ಇಳಿಯಬಾರದು. ಸೇತುವೆಯ ಮೇಲಿನಿಂದಲೋ ದಂಡೆಯ ಎತ್ತರದ ಭಾಗದಿಂದಲೋ ನೋಡಿದರೆ ಸಾಕು. ಪಾಚಿ ಕಟ್ಟಿದ ಕಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆಯನ್ನು ಬಿಟ್ಟುಬಿಡಿ.

ಸ್ಮಾರ್ಟ್ ಸಿಟಿ ಯೋಜನೆಯಡಿ ನದಿಯ ದಂಡೆಯಲ್ಲಿ ನಡಿಗೆಯ ಪಥವನ್ನು ನಿರ್ಮಿಸಲಾಗಿದೆ. ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಬಂದವರಿಗೆ ಅದು ಸುಲಭವಾದ ಆಯ್ಕೆ. ನನಗೆ ಮಾತ್ರ ಹಳೆಯ ಮೆಟ್ಟಿಲುಗಳ ಕಡೆಯೇ ಹೆಚ್ಚು ರುಚಿ.

ದಂಡೆಯಿಂದ ದಾರಿ ಕೇಳಿಕೊಂಡು ಕೋಟೆ ರಸ್ತೆಗೆ ಬನ್ನಿ. ಇಲ್ಲಿ ಚಿತ್ರದುರ್ಗದಂಥ ಕೋಟೆಯನ್ನು ನಿರೀಕ್ಷಿಸಬೇಡಿ. 1791ರ ಡಿಸೆಂಬರ್ 29ರಂದು, ಮೂರನೆಯ ಮೈಸೂರು ಯುದ್ಧದ ಸಂದರ್ಭದಲ್ಲಿ, ಪರಶುರಾಮ ಭಾವುವಿನ ಮರಾಠಾ ಸೈನ್ಯದ ಜೊತೆಗೂಡಿದ್ದ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿಯು ಟಿಪ್ಪುವಿನ ಸೇನೆಯನ್ನು ಶಿವಮೊಗ್ಗದ ಬಳಿ ಸೋಲಿಸಿತು. ಅದಾದ ಕೆಲವೇ ದಿನಗಳಲ್ಲಿ, 1792ರ ಜನವರಿಯ ಆರಂಭದಲ್ಲಿ, ಕೋಟೆ ಶರಣಾಯಿತು. ಇಂದು ಆ ಕೋಟೆಯ ನೆನಪನ್ನು ಉಳಿಸಿಕೊಂಡಿರುವುದು ಬೀದಿಯ ಹೆಸರು ಮತ್ತು ದೇವಸ್ಥಾನಗಳು: ಕೋಟೆ ಸೀತಾರಾಮಾಂಜನೇಯ, ಕೋಟೆ ಭೀಮೇಶ್ವರ, ಕೋಟೆ ಮಾರಿಕಾಂಬ. ಇವನ್ನು ನಡೆದು ನೋಡುತ್ತ ಒಂದರಿಂದ ಇನ್ನೊಂದಕ್ಕೆ ಹೋದರೆ ಕೋಟೆಯೊಳಗಿನ ಊರು ಎಷ್ಟು ಚಿಕ್ಕದಾಗಿತ್ತೆಂಬ ಅಂದಾಜು ಕಾಲಿಗೇ ಸಿಗುತ್ತದೆ.

ಇದೇ ಆವರಣದಲ್ಲಿ ನದಿಗೆ ಬೆನ್ನು ಕೊಟ್ಟಂತೆ ಶಿವಪ್ಪನಾಯಕನ ಅರಮನೆ ಇದೆ. ಕೆಳದಿಯ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಭೂಕಂದಾಯದ ಕಟ್ಟುನಿಟ್ಟಿನ ವ್ಯವಸ್ಥೆಗಾಗಿ ‘ಶಿಸ್ತಿನ ಶಿವಪ್ಪನಾಯಕ’ ಎಂದು ಹೆಸರಾದವನು. ಈಗ ಕಾಣುವ ಕಟ್ಟಡ ಮಾತ್ರ 18ನೇ ಶತಮಾನದ ಹೈದರಾಲಿಯ ಕಾಲದ್ದೆಂಬ ಅಭಿಪ್ರಾಯವೂ ಇದ್ದು, ಮರದ ಭಾರಿ ಕಂಬಗಳ ದರ್ಬಾರು ಸಭಾಂಗಣವನ್ನೂ ಕಮಾನುಗಳನ್ನೂ ನೋಡಿದವರಿಗೆ ಆ ಮಾತು ತಳ್ಳಿಹಾಕುವಂಥದ್ದೆನಿಸುವುದಿಲ್ಲ. ಅದು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ರಜೆಯ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋಗಿ.

ಬಂದವರೆಲ್ಲ ಸಭಾಂಗಣವನ್ನು ನೋಡಿ, ಕಂಬಕ್ಕೆ ಒರಗಿ ಒಂದು ಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಹೊರಗಿನ ತೋಟದಲ್ಲಿ ನಿಲ್ಲಿಸಿರುವ ಕಲ್ಲುಗಳಿಗೆ ಅರ್ಧ ಗಂಟೆ ಕೊಡಿ. ಜಿಲ್ಲೆಯ ಬೇರೆ ಬೇರೆ ಕಡೆಗಳಿಂದ ತಂದ ಶಿಲ್ಪಗಳ ಜೊತೆಗೆ ಕಾಳಗದಲ್ಲಿ ಮಡಿದವರ ನೆನಪಿನ ವೀರಗಲ್ಲುಗಳೂ ಸತಿ ಹೋದ ಹೆಂಗಸರ ನೆನಪಿನ ಮಾಸ್ತಿಕಲ್ಲುಗಳೂ ಇಲ್ಲಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಗುರಾಣಿ, ಕೆಲವೊಮ್ಮೆ ಕುದುರೆ, ತುರುಗೊಳ್ (ದನಗಳಿಗಾಗಿ ನಡೆದ ಕಾಳಗ) ಆಗಿದ್ದರೆ ಹಸುಗಳ ಹಿಂಡು. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಇಬ್ಬದಿಯಲ್ಲಿ ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲಿನ ಪಟ್ಟಿಕೆಯಲ್ಲಿ ಶಿವಲಿಂಗ, ಪೂಜಿಸುವವನು, ಕೈಮುಗಿದು ಕುಳಿತ ವೀರ, ಅದರ ಮೇಲೆ ಸೂರ್ಯ ಮತ್ತು ಚಂದ್ರ. ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಗಳಲ್ಲಿ ಶಾಸನದ ಸಾಲುಗಳಿರಬಹುದು. ನೇರ ಬಿಸಿಲಿನಲ್ಲಿ ಕಾಣದ ಅಕ್ಷರಗಳು ಬೆಳಗಿನ ಓರೆ ಬಿಸಿಲಿನಲ್ಲಿ ಎದ್ದು ಕಾಣುವುದರಿಂದ ಬೇಗ ಹೋಗುವುದೇ ಲೇಸು. ಮಾಸ್ತಿಕಲ್ಲನ್ನು ಗುರುತಿಸುವುದು ಇನ್ನೂ ಸುಲಭ. ಕಂಬವೊಂದರಿಂದ ಹೊರಟು ಮೊಳಕೈಯಲ್ಲಿ ಬಾಗಿ ಮೇಲಕ್ಕೆ ಎತ್ತಿದ ಹೆಣ್ಣಿನ ತೋಳು, ಅದರ ತುಂಬ ಬಳೆ. ಒಮ್ಮೆ ಈ ಓದು ಅಭ್ಯಾಸವಾಯಿತೆಂದರೆ ಮಲೆನಾಡಿನ ಯಾವ ಊರಿನ ಬಸ್ ನಿಲ್ದಾಣದ ಹಿಂದೆಯೋ ಅರಳಿಕಟ್ಟೆಯ ಪಕ್ಕದಲ್ಲೋ ಅರ್ಧ ಹೂತು ನಿಂತ ಕಲ್ಲುಗಳೂ ನಿಮ್ಮ ಕಣ್ಣಿಗೆ ಬೀಳತೊಡಗುತ್ತವೆ.

ಎರಡನೆಯ ನಡಿಗೆಗೆ ದೇವಿಯ ದಾರಿಯನ್ನೇ ಹಿಡಿಯಬಹುದು. ಎರಡು ವರ್ಷಕ್ಕೊಮ್ಮೆ ಫೆಬ್ರವರಿ-ಮಾರ್ಚ್ ಸುಮಾರಿನಲ್ಲಿ ನಡೆಯುವ ಮಾರಿಕಾಂಬೆಯ ಜಾತ್ರೆಯಲ್ಲಿ ಗಾಂಧಿ ಬಜಾರ್ ದೇವಿಯ ತವರುಮನೆ. ಕೋಟೆಯ ಮಾರಿಕಾಂಬ ದೇವಸ್ಥಾನ ಗಂಡನ ಮನೆ. ತವರಿನಲ್ಲಿ ಮಡಿಲು ತುಂಬಿಸಿಕೊಂಡು ದೇವಿ ಮೆರವಣಿಗೆಯಲ್ಲಿ ಕೋಟೆಯ ಗದ್ದುಗೆಗೆ ಹೋಗುತ್ತಾಳೆ. ಜಾತ್ರೆಯ ದಿನ ಕಾಲಿಡಲು ಜಾಗವಿಲ್ಲದ ಈ ದಾರಿಯನ್ನು ಸಾಮಾನ್ಯ ದಿನದ ಬೆಳಿಗ್ಗೆ ಏಳು ಗಂಟೆಗೆ ಎದುರು ದಿಕ್ಕಿನಿಂದ, ಕೋಟೆಯಿಂದ ಬಜಾರಿಗೆ, ನಡೆಯಿರಿ. ಅಂಗಡಿಗಳ ಬಾಗಿಲು ಇನ್ನೂ ತೆರೆದಿರುವುದಿಲ್ಲ. ಸಾಮಾನಿನ ರಾಶಿ, ತೂಗುಬಿಟ್ಟ ಬಟ್ಟೆ, ನಿಲ್ಲಿಸಿದ ಬೈಕುಗಳು ಇಲ್ಲದ ಕಾರಣ ಕಟ್ಟಡಗಳ ಮೇಲಂತಸ್ತುಗಳು ಕಾಣುತ್ತವೆ. ಫಲಕಗಳ ಮೇಲೆ ಕಣ್ಣೆತ್ತಿ ನೋಡಿದರೆ ಮಂಗಳೂರು ಹೆಂಚಿನ ಮಾಡು, ಮರದ ಕಟಾಂಜನ, ಬಣ್ಣ ಹಾರಿದ ಗಾರೆಯ ಹೂಬಳ್ಳಿ ಅಲ್ಲಲ್ಲಿ ಇನ್ನೂ ಉಳಿದಿವೆ. ಬಜಾರಿನಿಂದ ಬಲಕ್ಕೂ ಎಡಕ್ಕೂ ಒಡೆಯುವ ಅಡ್ಡಬೀದಿಗಳನ್ನು ಒಂದು ಬಿಡದೆ ಹೊಕ್ಕು ಹೊರಬನ್ನಿ. ಕೆಲವು ಮುಂದೆ ಮುಚ್ಚಿಕೊಂಡಿರುತ್ತವೆ, ಅದಕ್ಕೆ ಬೇಸರಪಡಬಾರದು. ಸಂಜೆ ಮತ್ತೆ ಬಂದರೆ ಇದೇ ಬೀದಿಯಲ್ಲಿ ಹೂವಿನವರ ಕೂಗು, ವೀಳ್ಯದೆಲೆಯ ಕಟ್ಟುಗಳು, ಮಂಡಕ್ಕಿ-ಮೆಣಸಿನಕಾಯಿಯ ಗಾಡಿಗಳು. ಆಗ ಕಟ್ಟಡ ನೋಡುವ ಆಸೆ ಬಿಟ್ಟು ತಿನ್ನುವುದರ ಕಡೆ ಗಮನ ಕೊಡುವುದು ವಿವೇಕ.

ಈಗ ಈ ಊರಿನ ಅತ್ಯಂತ ಅಲಕ್ಷಿತ ಜಾಗಗಳ ಮಾತು. ದುರ್ಗಿಗುಡಿ, ತಿಲಕನಗರದಂಥ ಬಡಾವಣೆಗಳಲ್ಲಿ ನೇರ ರಸ್ತೆಗಳ ನಡುವೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲು ಮನೆಗಳಿದ್ದು, ಆ ಎರಡು ಸಾಲುಗಳ ಹಿತ್ತಿಲುಗಳ ಮಧ್ಯೆ ಇಕ್ಕಟ್ಟಾದ ಓಣಿಯೊಂದು ಹಾದುಹೋಗುತ್ತದೆ. ಊರಿನ ಬಾಯಲ್ಲಿ ಅದು ಕನ್ಸರ್ವೆನ್ಸಿ. ಮನೆಯ ಹಿಂದಿನ ಒಣ ಪಾಯಿಖಾನೆಗಳಿಂದ ಮಲವನ್ನು ಹೊರುವ ಕೆಲಸಗಾರರು ಮುಂಬಾಗಿಲಿನ ಕಡೆ ಬಾರದೆ ಬಂದುಹೋಗಲೆಂದು ಇಂಥ ಓಣಿಗಳನ್ನು ಬಿಡಲಾಗುತ್ತಿತ್ತು. ಮನುಷ್ಯರಿಂದ ಮಲ ಹೊರಿಸುವುದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1993ರಲ್ಲಿ, ಅದಕ್ಕಿಂತ ಬಿಗಿಯಾದ ಕಾಯ್ದೆ 2013ರಲ್ಲಿ. ಪಾಯಿಖಾನೆಗಳ ರೀತಿ ಬದಲಾದ ಮೇಲೆ ಓಣಿಗಳಿಗೆ ಕೆಲಸವಿಲ್ಲದಂತಾಗಿ ಕಸ ಎಸೆಯುವ ಜಾಗಗಳಾದವು. ಶಿವಮೊಗ್ಗವು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ನಂತರ ಇವುಗಳಲ್ಲಿ ಅನೇಕವನ್ನು ಸ್ವಚ್ಛಗೊಳಿಸಿ, ನೆಲಕ್ಕೆ ಹಾಸು ಹಾಕಿ, ದೀಪ ಕಟ್ಟಿ, ಕೆಲವು ಕಡೆ ಗೋಡೆಗಳಿಗೆ ಚಿತ್ರ ಬರೆಸಿ ಬಳಕೆಗೆ ತರಲಾಯಿತು. ಗೋಡೆಚಿತ್ರಗಳ ಮುಂದೆ ನಿಂತು ಖುಷಿಪಡುವವರು ಆ ಓಣಿ ಮೂಲದಲ್ಲಿ ಯಾರನ್ನು ಕಣ್ಣಿಗೆ ಬೀಳದಂತೆ ನಡೆಸಲು ಹುಟ್ಟಿಕೊಂಡಿತೆಂಬುದನ್ನು ತಿಳಿದಿರಬೇಕು ಎಂದೇ ಇಷ್ಟು ವಿವರಿಸಿದೆ.

ಕನ್ಸರ್ವೆನ್ಸಿಯನ್ನು ಹುಡುಕಲು ಯಾವುದಾದರೂ ಅಡ್ಡರಸ್ತೆಯಲ್ಲಿ ನಿಂತು, ಎರಡು ಮುಖ್ಯರಸ್ತೆಗಳ ಸರಿ ಮಧ್ಯದಲ್ಲಿ ಮನೆಗಳ ಸಾಲು ಕಡಿದು ಬೀಳುವ ಕಡೆ ನೋಡಿ. ಒಂದು ಸಿಕ್ಕಿತೆಂದರೆ ಅದರ ನೇರದಲ್ಲೇ ರಸ್ತೆಯಾಚೆ ಮುಂದಿನದು ಸಿಗುತ್ತದೆ. ಹೀಗೆ ಒಂದರಿಂದ ಒಂದಕ್ಕೆ ದಾಟುತ್ತ ಹೋದರೆ ಮುಖ್ಯರಸ್ತೆಗೆ ಕಾಲಿಡದೆಯೇ ಬಹುದೂರ ಸಾಗಬಹುದು. ಮುಂಭಾಗದಲ್ಲಿ ಗಾಜು ಹೊದ್ದು ಅಂಗಡಿಯಾಗಿರುವ ಕಟ್ಟಡದ ಹಿಂಭಾಗ ಇಲ್ಲಿ ಇನ್ನೂ ಮನೆಯಾಗಿಯೇ ಇರುತ್ತದೆ: ಹೆಂಚಿನ ಮಾಡಿನ ಬಚ್ಚಲು, ಹಂಡೆಯ ಹೊಗೆ ಹಿಡಿದ ಗೋಡೆ, ರಾಟೆ ಕಳಚಿದ ಬಾವಿಯ ಕಟ್ಟೆ, ಕಾಂಪೌಂಡಿನಿಂದ ಹೊರಗೆ ಬಾಗಿದ ಕರಿಬೇವು, ಬೆಳಿಗ್ಗೆಯಾದರೆ ನೆಲದ ಮೇಲೆ ಉದುರಿದ ಪಾರಿಜಾತ. ಇದು ಜನರ ಅಡುಗೆಮನೆಯ ಹಿಂದಿನ ದಾರಿ ಎಂಬುದನ್ನು ಮರೆಯದೆ, ಗುಂಪಾಗಿ ಹೋಗದೆ, ಇಬ್ಬರೋ ಮೂವರೋ ಮೆಲ್ಲಗೆ ಮಾತಾಡುತ್ತ ಹೋಗಬೇಕು. ಕಿಟಕಿಯ ಕಡೆಗೆ ಕ್ಯಾಮೆರಾ ಎತ್ತುವುದು ಸಲ್ಲದು. ಯಾರಾದರೂ ಯಾರು ಬೇಕು ಎಂದು ಕೇಳಿದರೆ ಅದು ಜಗಳವಲ್ಲ. ಹಳೆಯ ಓಣಿಗಳನ್ನು ನೋಡಲು ಬಂದಿದ್ದೇವೆ ಎಂದು ನೇರವಾಗಿ ಹೇಳಿದರೆ ಹೆಚ್ಚಿನವರು ತಾವೇ ಬಾವಿ ತೋರಿಸುತ್ತಾರೆ. ಕತ್ತಲಾದ ಮೇಲೆ, ಅದರಲ್ಲೂ ಒಬ್ಬರೇ, ಈ ಓಣಿಗಳಿಗೆ ಹೋಗುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಎಲ್ಲವೂ ಎರಡೂ ತುದಿಗಳಲ್ಲಿ ತೆರೆದಿರುವುದಿಲ್ಲ.

ನದಿಯಾಚೆಗಿನ ಗುಡ್ಡೇಕಲ್ಲಿನ ಬಾಲಸುಬ್ರಹ್ಮಣ್ಯ ಸ್ವಾಮಿಯ ದೇವಸ್ಥಾನಕ್ಕೆ ಆಡಿಕೃತ್ತಿಕೆಯ ಹೊತ್ತಿನಲ್ಲಿ ಕಾವಡಿ ಹೊತ್ತ ಭಕ್ತರ ಸಾಲು ಬರುತ್ತದೆ. ಉಳಿದ ದಿನಗಳಲ್ಲಿ ಅಲ್ಲಿ ಜನರ ದಟ್ಟಣೆ ಇರುವುದಿಲ್ಲ, ನಗರವನ್ನು ತುಸು ಎತ್ತರದಿಂದ ನೋಡಬೇಕೆನ್ನುವವರು ಒಂದು ಸಂಜೆ ಹೋಗಿಬರಬಹುದು. ಹೊಸಮನೆಯ ಕಡೆ ಬಡಾವಣೆಯ ನಡುವೆ ಹರಿಯುವ ತುಂಗಾ ನಾಲೆ, ಅಂದರೆ ಚಾನಲ್, ಇನ್ನೊಂದು ಒಳ್ಳೆಯ ಎಳೆ. ನಾಲೆಯ ಅಂಚಿಗೆ ತೀರ ಹತ್ತಿರ ನಡೆಯಬೇಡಿ.

ಸಾಗರ ರಸ್ತೆಯ ಎಪಿಎಂಸಿ ಪ್ರಾಂಗಣವನ್ನು ನೋಡುವ ತಾಣವೆಂದು ಯಾರೂ ಪರಿಗಣಿಸುವುದಿಲ್ಲ, ಆದರೆ ಈ ಜಿಲ್ಲೆಯ ಮದುವೆ, ಮನೆ, ಮಕ್ಕಳ ಓದು ಎಲ್ಲದರ ಲೆಕ್ಕ ನಿಂತಿರುವುದು ಇಲ್ಲಿನ ಅಡಿಕೆಯ ಧಾರಣೆಯ ಮೇಲೆ. ವ್ಯಾಪಾರದ ದಿನ ಬೆಳಿಗ್ಗೆ ಹೋಗಿ, ಮಂಡಿಯವರ ಅನುಮತಿ ಕೇಳಿ ಒಳಗೆ ಹೆಜ್ಜೆ ಇಡಿ. ಗೋಣಿಚೀಲಗಳ ಗೋಡೆಗಳ ನಡುವೆ ಒಗರು ಹಿಡಿದ, ಸ್ವಲ್ಪ ಹೊಗೆಯಂಥ ವಾಸನೆ ಮೂಗಿಗೆ ತಾಕುತ್ತದೆ. ಹಸಿರಾಗಿರುವಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಬೇಯಿಸಿ ಒಣಗಿಸಿದ ಕೆಂಪಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಬಗೆಗಳಿದ್ದು, ದರದಲ್ಲಿ ಸರಕು ಎಲ್ಲಕ್ಕಿಂತ ಮೇಲೆ, ಗೊರಬಲು ಕೆಳಗೆ. ಒಂದೊಂದು ಬಗೆಯಿಂದ ಒಂದೊಂದು ಕಾಳನ್ನು ಅಂಗೈಯಲ್ಲಿಟ್ಟು ತೋರಿಸುವಂತೆ ಯಾರನ್ನಾದರೂ ಕೇಳಿ, ಆಮೇಲೆ ಪತ್ರಿಕೆಯ ಧಾರಣೆಯ ಪಟ್ಟಿಯನ್ನು ಓದಿ ನೋಡಿ. ಮಲೆನಾಡಿನ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್ಕೋಸ್ 1939ರಿಂದ ಈ ವಹಿವಾಟಿನಲ್ಲಿದೆ. ಚೀಲ ಹೊರುವ ಹಮಾಲರಿಗೆ ದಾರಿ ಬಿಟ್ಟು ಗೋಡೆಯ ಪಕ್ಕಕ್ಕೆ ನಿಲ್ಲುವುದನ್ನು ಮಾತ್ರ ಮರೆಯಬಾರದು. ಅವರ ಹೆಜ್ಜೆಯ ಲಯ ತಪ್ಪಿದರೆ ನೋವಾಗುವುದು ಅವರ ಬೆನ್ನಿಗೆ.

ಬೀದಿಗಳಲ್ಲಿ ಕಂಡ ಹೆಸರು, ಕಲ್ಲು, ಬಾವಿಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಆ ಪುಸ್ತಕವನ್ನು ಹಿಡಿದು ಹೋಗಬೇಕಾದ ಜಾಗ ಕರ್ನಾಟಕ ಸಂಘ. 1930ರಲ್ಲಿ ಆರಂಭವಾದ ಈ ಸಂಸ್ಥೆಯ ಹಸೂಡಿ ವೆಂಕಟಶಾಸ್ತ್ರಿ ಸಾಹಿತ್ಯ ಭವನದಲ್ಲಿ ಉಪನ್ಯಾಸ, ಪುಸ್ತಕ ಬಿಡುಗಡೆಗಳಂಥ ಕಾರ್ಯಕ್ರಮಗಳು ನಡೆಯುತ್ತಿರುತ್ತವೆ. ಕಾರ್ಯಕ್ರಮಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿ, ಬೇಗ ಬಂದು ಕುಳಿತಿರುವ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು, ಕುಂಬಾರಗುಂಡಿಯಲ್ಲಿ ಮಡಕೆ ಮಾಡುವವರು ಯಾವಾಗಿನವರೆಗೆ ಇದ್ದರು, ಹೊಳೆಯ ನೀರು ಯಾವ ವರ್ಷ ಯಾವ ಬೀದಿಯವರೆಗೆ ಬಂದಿತ್ತು ಎಂದು ಕೇಳಿ. ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಾರೆ, ಮೂರನೆಯವರು ಇಬ್ಬರನ್ನೂ ತಿದ್ದುತ್ತಾರೆ. ಮೂವರು ಹೇಳಿದ್ದನ್ನೂ ಬರೆದುಕೊಂಡು, ಮಾರನೆಯ ಬೆಳಿಗ್ಗೆ ಅವರು ಹೇಳಿದ ಬೀದಿಗೇ ಹೊರಡಿ.